ಕತಕದೃಷ್ಟಾಂತ: ತಿಳಿನೀರೂ ಶುದ್ಧನೀರೂ

೧

ಕತಕವೆಂಬುದು ಒಂದು ಮರ. ಅದರ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು, ಕದಡಿದ ನೀರನ್ನು ಆ ಮಡಕೆಯಲ್ಲಿ ತುಂಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಕೆಸರು ತಳಕ್ಕಿಳಿದು ಮೇಲೆ ತಿಳಿಯಾದ ನೀರು ನಿಲ್ಲುತ್ತದೆ. ಕನ್ನಡದಲ್ಲಿ ಈ ಮರಕ್ಕೆ ಚಿಲ್ಲವೆಂದು ಹೆಸರು. ಬೀಜವನ್ನು ಚಿಲ್ಲದ ಬೀಜವೆನ್ನುವರು. ಈ ಸಣ್ಣ ಗೃಹಕೃತ್ಯವು ಭಾರತೀಯ ವಾಙ್ಮಯದಲ್ಲಿ ಪಡೆದಿರುವ ಸ್ಥಾನವು ದೊಡ್ಡದು. ಧರ್ಮಶಾಸ್ತ್ರಕಾರನೂ ನಾಟಕಕಾರನೂ ವೇದಾಂತಿಯೂ ವೈದ್ಯನೂ ಇದನ್ನು ಎತ್ತಿಕೊಂಡಿದ್ದಾರೆ. ಮಲಿನವಾದುದು ನಿರ್ಮಲವಾಗುವ ಬಗೆಯನ್ನು ಹೇಳಬೇಕಾದಾಗಲೆಲ್ಲ ಕತಕವು ಲೇಖಕರ ಕೈಗೆ ತಾನಾಗಿ ಬಂದಂತಿದೆ.

ದೃಷ್ಟಾಂತವೊಂದು ಇಷ್ಟು ಕಾಲ, ಇಷ್ಟು ಜನರ ಕೈಯಲ್ಲಿ ಬಳಕೆಯಾದಾಗ ಅದು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ವಿಚಾರಮಾಡುವ ಕ್ರಮವನ್ನೇ ತಿದ್ದುತ್ತದೆ. ಮಾಲಿನ್ಯವೆಂದರೆ ಏನು, ಅದು ನೀರಿನಲ್ಲಿ ಹೇಗಿರುತ್ತದೆ, ಹೋಗುವಾಗ ಎಲ್ಲಿಗೆ ಹೋಗುತ್ತದೆ, ಹೋಯಿತೆಂದು ತಿಳಿಯುವುದು ಯಾವುದರಿಂದ — ಈ ಪ್ರಶ್ನೆಗಳಿಗೆ ಕತಕದೃಷ್ಟಾಂತವು ಮೌನವಾಗಿಯೇ ಉತ್ತರಗಳನ್ನು ಕೊಟ್ಟುಬಿಟ್ಟಿದೆ. ಆ ಉತ್ತರಗಳು ಕೆಸರುನೀರಿನ ಮಟ್ಟಿಗೆ ಸತ್ಯವಾದುವು. ನೀರಿನಲ್ಲಿ ಕರಗಿದ ರಾಸಾಯನಿಕ ವಿಷಗಳ ವಿಷಯದಲ್ಲಿ ಅವು ಸತ್ಯವಲ್ಲ. ಅಲ್ಲಿ ಅವನ್ನೇ ನಂಬಿದವರಿಗೆ ಅಪಾಯವುಂಟು. ದೃಷ್ಟಾಂತದ ಗುಣವೆಷ್ಟು, ಅದರ ಎಲ್ಲೆ ಎಲ್ಲಿ, ಎಲ್ಲೆಯನ್ನು ದಾಟಿಸಿ ಓದಿದವರು ಯಾರು ಎಂಬುದರ ಪರೀಕ್ಷೆಯೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪ್ರಯೋಗಗಳನ್ನು ನೋಡಬಹುದು. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಸಂನ್ಯಾಸಿಯ ಧರ್ಮವನ್ನು ಹೇಳುವ ಸಂದರ್ಭದಲ್ಲಿ ಕತಕದ ಮಾತು ಬರುತ್ತದೆ. ಹೊರಗಿನ ಚಿಹ್ನೆಯು ಧರ್ಮಕ್ಕೆ ಕಾರಣವಾಗುವುದಿಲ್ಲ ಎಂದು ಹೇಳಿ, ಕತಕದ ಹಣ್ಣು ನೀರನ್ನು ತಿಳಿಮಾಡುವುದೇನೋ ನಿಜ, ಆದರೆ ಅದರ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗದು ಎಂದು ಸ್ಮೃತಿಕಾರನು ಸಮರ್ಥಿಸುತ್ತಾನೆ. ಇಲ್ಲಿ ಒತ್ತು ಬಿದ್ದಿರುವುದು ಕ್ರಿಯೆಯ ಮೇಲೆ. ನಾಮವು ಬೇರೆ, ವಸ್ತುವು ಬೇರೆ, ವಸ್ತುವಿನ ವಿನಿಯೋಗವು ಬೇರೆ ಎಂಬ ವಿವೇಕವು ಈ ಒಂದು ಶ್ಲೋಕದಲ್ಲಿ ಅಡಗಿದೆ.

ಕಾಳಿದಾಸನು ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿ ಇದೇ ವಸ್ತುವನ್ನು ಬೇರೊಂದು ಪ್ರಯೋಜನಕ್ಕೆ ತಂದಿದ್ದಾನೆ. ವಿದ್ವಾಂಸರ ಸಂಸರ್ಗದಿಂದ ಮಂದನೂ ಚುರುಕಾಗುವನು. ಕೆಸರನ್ನು ಕಳೆಯುವ ಹಣ್ಣಿನ ಉಜ್ಜುವಿಕೆಯಿಂದ ಕದಡಿದ ನೀರು ಹೇಗೋ ಹಾಗೆ — ಇದು ಅಲ್ಲಿಯ ತಾತ್ಪರ್ಯ. ಕವಿಯು ಮರದ ಹೆಸರನ್ನು ಹೇಳದೆ ಅದರ ಕೆಲಸವನ್ನೇ ಹೆಸರಾಗಿ ಮಾಡಿದ್ದಾನೆ. ಉಜ್ಜುವಿಕೆ ಎಂಬ ಮಾತನ್ನು ತಂದಿರುವುದರಿಂದ, ಬೀಜವನ್ನು ಮಡಕೆಗೆ ತೇಯುವ ವಾಡಿಕೆಯನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನೆಂದು ತೋರುತ್ತದೆ. ಸುಮ್ಮನೆ ನೀರಿಗೆ ಎಸೆದ ಬೀಜವು ಆ ಕೆಲಸವನ್ನು ಮಾಡದು.

ವೇದಾಂತದಲ್ಲಿ ಈ ದೃಷ್ಟಾಂತವು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ಆತ್ಮಬೋಧದ ಐದನೆಯ ಶ್ಲೋಕವು, ಅಜ್ಞಾನದಿಂದ ಕಲುಷಿತನಾದ ಜೀವನನ್ನು ಜ್ಞಾನವು ನಿರ್ಮಲನನ್ನಾಗಿ ಮಾಡಿ ತಾನೂ ಅಳಿಯುತ್ತದೆಂದೂ, ಕತಕದ ಪುಡಿಯು ನೀರಿನಲ್ಲಿ ಹೀಗೆಯೇ ನಡೆದುಕೊಳ್ಳುತ್ತದೆಂದೂ ಹೇಳುತ್ತದೆ. ವಾಚಸ್ಪತಿಮಿಶ್ರನು ಭಾಮತಿಯಲ್ಲಿ ಇದನ್ನು ಬಿಡಿಸಿಟ್ಟಿದ್ದಾನೆ. ಅವನ ದೃಷ್ಟಿಯಲ್ಲಿ ಕತಕವೂ ಒಂದು ಧೂಳೇ. ಧೂಳಿನಿಂದ ಕದಡಿದ ನೀರಿಗೆ ಬಿದ್ದ ಈ ಧೂಳು ಉಳಿದ ಧೂಳನ್ನು ಒಡೆದು, ತಾನೂ ಒಡೆದು, ನೀರನ್ನು ತಿಳಿಗೊಳಿಸುತ್ತದೆ. ವಿಷವು ಮತ್ತೊಂದು ವಿಷವನ್ನು ಶಮನಮಾಡಿ ತಾನೂ ಶಮನವಾಗುವುದನ್ನು ಅವನು ಇದರ ಪಕ್ಕದಲ್ಲಿಯೇ ಇಟ್ಟಿದ್ದಾನೆ. ಶ್ರವಣ ಮನನಗಳೂ ದ್ವೈತದೊಳಗಿನವೇ ಆಗಿರುವಲ್ಲಿ ಅವು ದ್ವೈತವನ್ನು ಹೇಗೆ ಕಳೆದಾವು ಎಂಬ ಆಕ್ಷೇಪಕ್ಕೆ ಇದಕ್ಕಿಂತ ಸೊಗಸಾದ ಸಮಾಧಾನವು ದೊರೆಯುವುದು ಕಷ್ಟ.

ಈ ಲೇಖಕರ ಅವಲೋಕನವು ಎಷ್ಟು ನಿಖರವಾದುದೆಂಬುದನ್ನು ಇಂದಿನ ರಸಾಯನಶಾಸ್ತ್ರವು ತೋರಿಸಿಕೊಟ್ಟಿದೆ. ಜೇಡಿಯ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತಿರುವುದರಿಂದ ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ. ಆದುದರಿಂದಲೇ ಮಳೆಗಾಲದ ಕೆರೆಯ ನೀರು ದಿನಗಟ್ಟಲೆ ಇಟ್ಟರೂ ತಿಳಿಯಾಗುವುದಿಲ್ಲ. ಕತಕದ ಬೀಜದಿಂದ ನೀರಿಗಿಳಿಯುವ ಲೋಳೆಯಂಥ ಸಾರವು ಈ ಕಣಗಳನ್ನು ಒಂದಕ್ಕೊಂದು ಬೆಸೆದು ಮುದ್ದೆಗಟ್ಟಿಸುತ್ತದೆ. ಮುದ್ದೆಯು ಭಾರದಿಂದ ಕೆಳಗಿಳಿಯುವಾಗ ಬೀಜದ ಪುಡಿಯೂ ಅದರೊಡನೆ ಇಳಿಯುತ್ತದೆ. ಶೋಧಕವು ಶೋಧ್ಯದೊಡನೆ ಕಣ್ಮರೆಯಾಗುವುದೆಂಬ ವೇದಾಂತಿಯ ಮಾತು ಮಡಕೆಯ ತಳವನ್ನು ನೋಡಿ ಆಡಿದ ಮಾತು.

೩

ದೃಷ್ಟಾಂತದ ಬಲವು ಇಲ್ಲಿಗೇ ಮುಗಿಯುವುದಿಲ್ಲ. ತಿಳಿಯಾದ ನೀರು ಒಳ್ಳೆಯ ನೀರು ಎಂಬ ಭಾವನೆಯು ಕಾವ್ಯಪರಂಪರೆಯ ಬೇರಿನಲ್ಲಿಯೇ ಇದೆ. ಆದಿಕಾವ್ಯದ ಬಾಲಕಾಂಡದಲ್ಲಿ ತಮಸಾನದಿಯ ತೀರಕ್ಕೆ ಬಂದ ವಾಲ್ಮೀಕಿಯು ಶಿಷ್ಯನಾದ ಭರದ್ವಾಜನಿಗೆ ಆ ನೀರನ್ನು ತೋರಿಸಿ, ಸತ್ಪುರುಷನ ಮನಸ್ಸಿನಂತೆ ಪ್ರಸನ್ನವಾಗಿದೆ ಎನ್ನುತ್ತಾನೆ. ಕ್ರೌಂಚವಧೆಯೂ ಶೋಕವು ಶ್ಲೋಕವಾದುದೂ ಈ ಮಾತಿನ ಅನಂತರದವು. ಕಾವ್ಯದ ಹುಟ್ಟಿಗೆ ಸಾಕ್ಷಿಯಾದುದು ಒಂದು ತಿಳಿನೀರಿನ ಹೊಳೆ.

ಲಾಕ್ಷಣಿಕರು ಪ್ರಸಾದವನ್ನು ಕಾವ್ಯಗುಣವಾಗಿ ಎಣಿಸಿದರು. ದಂಡಿಯ ದಾರಿಯನ್ನು ಹಿಡಿದ ಕವಿರಾಜಮಾರ್ಗದ ಮೂಲಕ ಗುಣಗಳ ಈ ಚರ್ಚೆಯು ಕನ್ನಡಕ್ಕೂ ಮೊದಲಲ್ಲಿಯೇ ಬಂದಿತು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಪ್ರಸಾದಕ್ಕೆ ಎರಡು ಹೋಲಿಕೆಗಳನ್ನು ಕೊಟ್ಟಿದ್ದಾನೆ: ಒಣ ಸೌದೆಗೆ ಹತ್ತಿದ ಬೆಂಕಿ, ಸ್ವಚ್ಛವಾದ ನೀರು. ಎರಡೂ ಕೂಡಲೇ ವ್ಯಾಪಿಸುತ್ತವೆ. ಪ್ರಸಾದವುಳ್ಳ ಕಾವ್ಯದ ಅರ್ಥವೂ ಚಿತ್ತವನ್ನು ಹಾಗೆಯೇ ವ್ಯಾಪಿಸುತ್ತದೆ. ಇಲ್ಲಿ ನೀರಿನ ಪ್ರಶಂಸೆಯಿರುವುದು ಅದರ ಪಾರದರ್ಶಕತೆಗೆ. ತಳವು ಕಾಣುತ್ತದೆ, ಅಡಗಿದುದೇನೂ ಇಲ್ಲ ಎಂಬ ಭರವಸೆಯು ಆ ಹೋಲಿಕೆಯ ಒಳಗಿದೆ.

ಕನ್ನಡವು ಈ ವಿಷಯದಲ್ಲಿ ಸಂಸ್ಕೃತಕ್ಕಿಂತಲೂ ಮುಂದಾಗಿದೆ ಎನ್ನಬಹುದು. ತಿಳಿ ಎಂಬ ಒಂದೇ ಧಾತುವು ನೀರು ನಿರ್ಮಲವಾಗುವುದಕ್ಕೂ ಮನಸ್ಸು ಅರಿಯುವುದಕ್ಕೂ ಸಲ್ಲುತ್ತದೆ. ಕೊಳವು ತಿಳಿಯಾಯಿತು, ಸಾರಿನ ತಿಳಿ, ತಿಳಿಗೊಳ, ತಿಳಿವು, ತಿಳಿವಳಿಕೆ, ತಿಳಿಹೇಳು — ಇವೆಲ್ಲ ಒಂದೇ ಬಳಗದ ಮಾತುಗಳು. ತಮಿಳಿನ ತೆಳಿ, ತೆಲುಗಿನ ತೆಲಿ ಎಂಬ ಧಾತುಗಳೂ ಇದರ ಒಡಹುಟ್ಟುಗಳೇ. ದ್ರಾವಿಡ ಭಾಷೆಗಳನ್ನಾಡುವ ಜನಕ್ಕೆ ಅರಿವೆಂದರೆ ಒಳಗಿನ ಕದಡು ಇಳಿದು ತಳವು ಕಾಣುವುದು. ಕತಕದೃಷ್ಟಾಂತವು ಸಂಸ್ಕೃತದಲ್ಲಿ ಕವಿಯೋ ಆಚಾರ್ಯನೋ ಕಟ್ಟಿದ ಹೋಲಿಕೆ. ಕನ್ನಡದಲ್ಲಿ ಆ ಹೋಲಿಕೆಯು ಧಾತುವಿನಲ್ಲಿಯೇ ಅಡಕವಾಗಿದೆ.

ಇದರ ಫಲವೇನೆಂದರೆ, ಕನ್ನಡಿಗನ ಕಿವಿಗೆ ತಿಳಿಯಾದ ನೀರು ಎಂಬ ಮಾತೇ ಒಂದು ಪ್ರಮಾಣಪತ್ರದಂತೆ ಕೇಳಿಸುತ್ತದೆ. ತಿಳಿಯಾದುದು ತಿಳಿದಂತಾದುದು, ತಿಳಿದುದರಲ್ಲಿ ಭಯವೇಕೆ? ಕಾವ್ಯಲೋಕದಲ್ಲಿ ಈ ಸಮೀಕರಣದಿಂದ ಯಾರಿಗೂ ಹಾನಿಯಿಲ್ಲ. ಬಾವಿಕಟ್ಟೆಯಲ್ಲಿ ಹಾಗೆಂದು ಹೇಳುವಂತಿಲ್ಲ.

೪

ಶಾಸ್ತ್ರಗ್ರಂಥಗಳು ಕಾವ್ಯದಷ್ಟು ನಿಶ್ಚಿಂತವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸುಶ್ರುತಸಂಹಿತೆಯ ಸೂತ್ರಸ್ಥಾನದ ನಲವತ್ತೈದನೆಯ ಅಧ್ಯಾಯವು ದ್ರವದ್ರವ್ಯಗಳನ್ನು ಕುರಿತದ್ದು. ಅಲ್ಲಿ ಕಲುಷಿತವಾದ ನೀರನ್ನು ತಿಳಿಮಾಡುವ ಏಳು ಸಾಧನಗಳನ್ನು ಎಣಿಸಿದೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ. ಕತಕಕ್ಕೆ ಅಗ್ರಸ್ಥಾನ. ಆದರೆ ಇದೇ ಅಧ್ಯಾಯವು ನೀರಿನ ದೋಷಗಳನ್ನು ಆರಾಗಿ ವಿಂಗಡಿಸಿದೆ: ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕ. ಕೆಸರು, ಮರಳು, ಪಾಚಿ, ಬಣ್ಣಬಣ್ಣವಾಗಿರುವುದು — ಇವು ರೂಪದೋಷ. ರುಚಿಯು ಎದ್ದು ತೋರುವುದು ರಸದೋಷ. ಕೆಟ್ಟ ವಾಸನೆಯು ಗಂಧದೋಷ. ಇವು ಕಣ್ಣು, ನಾಲಗೆ, ಮೂಗುಗಳಿಗೆ ಸಿಕ್ಕುವಂಥವು. ಕೊನೆಯ ಎರಡು ಹಾಗಲ್ಲ. ಕುಡಿದ ಮೇಲೆ ಬಾಯಾರಿಕೆ, ಮೈಭಾರ, ಶೂಲೆ, ಕಫಸ್ರಾವಗಳನ್ನು ಉಂಟುಮಾಡಿದರೆ ಅದು ವೀರ್ಯದೋಷ. ಬಹಳ ಹೊತ್ತು ಜೀರ್ಣವಾಗದಿದ್ದರೆ ಅದು ವಿಪಾಕದೋಷ. ಇವೆರಡನ್ನೂ ಕುಡಿಯುವ ಮೊದಲು ಅರಿಯುವಂತಿಲ್ಲ. ಶರೀರದಲ್ಲಿ ತೋರಿದ ಪರಿಣಾಮದಿಂದಲೇ ಊಹಿಸಬೇಕು.

ಈ ವಿಂಗಡಣೆಯ ಬೆಲೆಯು ದೊಡ್ಡದು. ನೀರಿನ ಕೇಡು ಕಣ್ಣಿಗೆ ಕಾಣಲೇಬೇಕೆಂಬ ನಿಯಮವಿಲ್ಲವೆಂಬುದನ್ನು ಅದು ಸೂತ್ರರೂಪದಲ್ಲಿ ಒಪ್ಪಿಕೊಂಡಿದೆ. ಕತಕವು ಆರರಲ್ಲಿ ಒಂದಕ್ಕೆ, ಎಂದರೆ ರೂಪದೋಷಕ್ಕೆ ಮಾತ್ರ ಪರಿಹಾರವೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಇದೇ ಅಧ್ಯಾಯದಿಂದ ಹೆಚ್ಚನ್ನು ಹಿಂಡಹೊರಡುವುದೂ ಯುಕ್ತವಲ್ಲ. ಸ್ಪರ್ಶದೋಷಗಳಲ್ಲಿ ಎಣಿಸಿರುವ ದಂತಗ್ರಾಹಿತೆ ಎಂಬ ಮಾತನ್ನು ಹಿಡಿದು, ನೀರಿನ ಫ್ಲೋರೈಡಿನಿಂದ ಹಲ್ಲು ಕೆಡುವುದನ್ನು ಪ್ರಾಚೀನರು ಬಲ್ಲವರಾಗಿದ್ದರೆಂದು ಯಾರಾದರೂ ವಾದಿಸಬಹುದು. ಆ ಪದವಿರುವುದು ಒರಟುತನ, ಲೋಳೆತನ, ಬಿಸಿಗಳ ಸಾಲಿನಲ್ಲಿ. ಹಲ್ಲಿಗೆ ಜುಮ್ಮೆನ್ನುವ ಸ್ಪರ್ಶವೇ ಅದರ ಅರ್ಥ. ಸಂದರ್ಭವನ್ನು ಬಿಟ್ಟು ಪದವನ್ನು ಎಳೆದರೆ ಗ್ರಂಥಕ್ಕೆ ಗೌರವವು ಹೆಚ್ಚುವುದಿಲ್ಲ.

ಕಲ್ಪಸ್ಥಾನದ ಮೂರನೆಯ ಅಧ್ಯಾಯದಲ್ಲಿ ಶತ್ರುಗಳು ವಿಷವಿಕ್ಕಿದ ಜಲಾಶಯಗಳ ವರ್ಣನೆಯಿದೆ. ಅಂಥ ನೀರು ಲೋಳೆಯಾಗಿ, ಉಗ್ರವಾದ ವಾಸನೆಯಿಂದ ಕೂಡಿ, ನೊರೆಯೆದ್ದು, ಗೆರೆಗೆರೆಯಾಗಿ ಕಾಣುವುದು. ಮೀನು ಕಪ್ಪೆಗಳು ಸಾಯುವುವು. ಪರಿಹಾರವಾಗಿ ಕೆಲವು ಮರಗಳನ್ನು ಸುಟ್ಟು, ಆರಿದ ಬೂದಿಯನ್ನು ಕೊಳದಲ್ಲಿ ಎರಚಬೇಕೆಂದೂ, ಕೊಡದ ನೀರಿಗೆ ಒಂದು ಬೊಗಸೆಯ ಬೂದಿಯನ್ನು ಹಾಕಬೇಕೆಂದೂ ವಿಧಿಸಿದೆ. ಬೂದಿಯು ಕ್ಷಾರಗುಣದ್ದು; ನೀರಿನಲ್ಲಿ ಕರಗಿದ ಕೆಲವು ಲೋಹಾಂಶಗಳನ್ನು ಕ್ಷಾರವು ಗಸಿಯಾಗಿ ಇಳಿಸಬಲ್ಲುದು. ಕತಕದ ಕೆಲಸಕ್ಕಿಂತ ಇದು ಬೇರೆಯ ಜಾತಿಯ ಕೆಲಸವೆಂಬುದನ್ನು ಗಮನಿಸಬೇಕು. ಆದರೂ ವಿಷವು ಇಲ್ಲಿಯೂ ಲಕ್ಷಣಗಳಿಂದ ತನ್ನನ್ನು ತೋರಿಸಿಕೊಂಡೇ ಬರುತ್ತದೆ. ವೀರ್ಯದೋಷವೆಂದು ಸೂತ್ರಸ್ಥಾನವು ಒಪ್ಪಿದ ಅಗೋಚರತೆಯನ್ನು ಕಲ್ಪಸ್ಥಾನದ ವರ್ಣನೆಯು ಮುಂದುವರಿಸಲಿಲ್ಲ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವು ಭೂಮಿಯೊಳಗಿನ ನೀರನ್ನು ಕಂಡುಹಿಡಿಯುವ ವಿಷಯದ್ದು. ಕನ್ನಡದಲ್ಲಿ ಎರಡನೆಯ ಚಾವುಂಡರಾಯನ ಲೋಕೋಪಕಾರವು ಹನ್ನೊಂದನೆಯ ಶತಮಾನದಲ್ಲಿ ಇದೇ ವಿದ್ಯೆಗೆ ಉದಕಾರ್ಗಳವೆಂಬ ಭಾಗವನ್ನು ಮೀಸಲಿಟ್ಟಿದೆ. ವರಾಹಮಿಹಿರನು ಬಾವಿಗೆ ಹಾಕಬೇಕಾದ ಒಂದು ಯೋಗವನ್ನು ಹೇಳುತ್ತಾನೆ: ಅಂಜನ, ಮುಸ್ತೆ, ಲಾವಂಚ, ರಾಜಕೋಶಾತಕ, ನೆಲ್ಲಿ, ಇವುಗಳೊಡನೆ ಕತಕದ ಹಣ್ಣು. ಇದರಿಂದ ಕಲುಷವಾದ, ಕಟುವಾದ, ಉಪ್ಪಾದ, ರುಚಿಯಿಲ್ಲದ, ದುರ್ವಾಸನೆಯ ನೀರೆಲ್ಲ ತಿಳಿಯಾಗಿ ಸವಿಯಾಗಿ ಕಂಪುಳ್ಳದ್ದಾಗುವುದೆಂದು ಅವನ ಭರವಸೆ. ಕಲುಷವು ಹೋಗುವುದನ್ನು ಒಪ್ಪಬಹುದು; ಲಾವಂಚದಿಂದ ವಾಸನೆಯು ಮರೆಯಾಗುವುದನ್ನೂ ಒಪ್ಪಬಹುದು. ಉಪ್ಪಿನ ಮಾತು ಬೇರೆ. ಉಪ್ಪು ನೀರಿನಲ್ಲಿ ಕಣವಾಗಿ ತೇಲುತ್ತಿಲ್ಲ, ಕರಗಿದೆ. ಅದನ್ನು ಮುದ್ದೆಗಟ್ಟಿಸಿ ಇಳಿಸುವ ಶಕ್ತಿಯು ಯಾವ ಬೀಜಕ್ಕೂ ಇಲ್ಲ. ತೇಲುವುದಕ್ಕೂ ಕರಗುವುದಕ್ಕೂ ಇರುವ ಈ ಭೇದವೇ ಕತಕದ ಎಲ್ಲೆ. ಕಣ್ಣಿಗೆ ಕಂಡ ಗುಣವನ್ನು ಕಾಣದ ದೋಷಕ್ಕೂ ವಿಸ್ತರಿಸುವ ಪರಿಪಾಠವು ಇಲ್ಲಿ ಶಾಸ್ತ್ರದೊಳಕ್ಕೂ ಪ್ರವೇಶಿಸಿದೆ.

೫

ಈ ಎಲ್ಲೆಯ ಆಚೆ ಏನಿದೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣದೇಶದಲ್ಲಿಯೇ ಬೆಳಕಿಗೆ ಬಂದಿತು. ೧೯೩೭ರಲ್ಲಿ ಆಗಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಎಂಬ ವೈದ್ಯವಿಜ್ಞಾನಿಯೂ ಅವನ ಸಂಗಡಿಗರೂ ಒಂದು ವಿಚಿತ್ರವಾದ ರೋಗವನ್ನು ವರದಿಮಾಡಿದರು. ರೋಗಿಗಳ ಬೆನ್ನುಮೂಳೆಯು ಸೆಟೆದು, ಕೀಲುಗಳು ಬಿಗಿದು, ಹಲ್ಲುಗಳು ಕಲೆಗಟ್ಟಿದ್ದುವು. ಕಾರಣವು ಅವರು ಕುಡಿಯುತ್ತಿದ್ದ ಬಾವಿಯ ನೀರಿನಲ್ಲಿದ್ದ ಫ್ಲೋರೈಡ್. ಕರ್ನಾಟಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಗದಗು, ಕೊಪ್ಪಳ ಮೊದಲಾದ ಕಡೆಗಳಲ್ಲಿ ಇದೇ ಕೇಡು ನೆಲದಡಿಯ ನೀರಿನಲ್ಲಿದೆ. ಬೆಣಚು ಮೊದಲಾದ ಗಟ್ಟಿಶಿಲೆಗಳ ಖನಿಜಗಳಿಂದ ಫ್ಲೋರೈಡು ಸಾವಕಾಶವಾಗಿ ನೀರಿಗೆ ಬಿಡುತ್ತದೆ. ಸುಣ್ಣದ ಅಂಶವು ಕಡಮೆಯಾಗಿ ಸೋಡದ ಅಂಶವು ಹೆಚ್ಚಾದ ಆಳದ ನೀರಿನಲ್ಲಿ ಅದು ಹೆಚ್ಚಾಗಿ ನಿಲ್ಲುತ್ತದೆ. ಕೆರೆ ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದ ಕಡೆಗಳಲ್ಲಿ ಹಳ್ಳಿಗಳು ಈ ನೀರನ್ನೇ ನೆಚ್ಚಬೇಕಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಾಗಿ ಫ್ಲೋರೈಡಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಿದೆ.

ಕಾವ್ಯವನ್ನೋದಿದ ಕಣ್ಣಿಗೆ ಇಲ್ಲಿ ಆಶ್ಚರ್ಯವಾಗುವ ಸಂಗತಿಯೊಂದುಂಟು. ಈ ನೀರು ತಮಸಾನದಿಯ ನೀರಿನಂತೆಯೇ ಪ್ರಸನ್ನವಾದುದು. ಇದಕ್ಕೆ ಬಣ್ಣವಿಲ್ಲ, ಫ್ಲೋರೈಡಿನಿಂದ ರುಚಿಯಾಗಲಿ ವಾಸನೆಯಾಗಲಿ ಬರುವುದಿಲ್ಲ. ಕತಕವನ್ನು ತೇಯ್ದರೆ ಇಳಿಯತಕ್ಕ ಕೆಸರೇ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡು ಬಟ್ಟೆಯನ್ನು ದಾಟಿ ಬರುತ್ತದೆ. ಕುದಿಸಿದರೆ ನೀರು ಆವಿಯಾಗಿ ಹೋಗಿ ಉಳಿದುದರಲ್ಲಿ ಫ್ಲೋರೈಡಿನ ಪ್ರಮಾಣವು ಹೆಚ್ಚುತ್ತದೆ. ಸುಶ್ರುತನ ವಿಂಗಡಣೆಯಲ್ಲಿ ಇದಕ್ಕೆ ಸ್ಥಳವಿರುವುದು ವೀರ್ಯದೋಷದಲ್ಲಿ ಮಾತ್ರ. ಅದೂ ಒಂದೆರಡು ದಿನಗಳಲ್ಲಿ ತೋರದೆ ವರ್ಷಗಳ ಮೇಲೆ ಮಗುವಿನ ಹಲ್ಲಿನಲ್ಲಿಯೂ ಮುದುಕನ ಬೆನ್ನಿನಲ್ಲಿಯೂ ತೋರುವ ದೋಷ.

ಇದನ್ನು ತೆಗೆಯಲು ೧೯೭೦ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ವಿಧಾನಕ್ಕೆ ನಲ್ಗೊಂಡ ವಿಧಾನವೆಂದು ಹೆಸರು. ನೀರಿಗೆ ಸುಣ್ಣವನ್ನೂ ಪಟಿಕವನ್ನೂ ಬ್ಲೀಚಿಂಗ್ ಪುಡಿಯನ್ನೂ ಬೆರಸಿ ಕಲಕುತ್ತಾರೆ. ಪಟಿಕದ ಅಲ್ಯೂಮಿನಿಯಂ ಹತ್ತಿಯೆಳೆಯಂಥ ಗಸಿಯಾಗುತ್ತದೆ. ಫ್ಲೋರೈಡು ಅದಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಮೇಲ್ನೋಟಕ್ಕೆ ಇದು ಕತಕದ ಕೆಲಸವೇ: ಹಾಕಿದರು, ಕಲಕಿದರು, ಇಳಿಯಿತು. ಒಳಗೆ ನಡೆದುದು ಬೇರೆ. ಕತಕವು ಮೊದಲೇ ಇದ್ದ ಕೆಸರನ್ನು ಇಳಿಸಿತು. ಇಲ್ಲಿ ತಿಳಿನೀರಿನಲ್ಲಿ ಕೆಸರನ್ನು ಬೇಕೆಂದೇ ಹುಟ್ಟಿಸಿ, ಕಾಣದ ವಿಷವನ್ನು ಅದಕ್ಕೆ ಅಂಟಿಸಿ ಇಳಿಸಬೇಕಾಯಿತು. ತಿಳಿಯಾದುದನ್ನು ಒಮ್ಮೆ ಕದಡದೆ ಶುದ್ಧಿಯಿಲ್ಲ. ಇದು ದೃಷ್ಟಾಂತದ ಮೊದಲನೆಯ ತಿರುವು.

ಎರಡನೆಯದು ವೇದಾಂತಿಯ ಪ್ರಿಯವಾದ ಅಂಶಕ್ಕೆ ಸಂಬಂಧಿಸಿದ್ದು. ಕತಕದ ಪುಡಿಯು ತಾನೂ ಅಳಿಯುವುದೆಂದು ಆತ್ಮಬೋಧದ ಮಾತು. ಪಟಿಕವು ಹಾಗೆ ಪೂರ್ಣವಾಗಿ ಅಳಿಯುವುದಿಲ್ಲ. ಅದರ ಸಲ್ಫೇಟ್ ಅಂಶವು ನೀರಿನಲ್ಲಿಯೇ ಉಳಿಯುತ್ತದೆ. ಪ್ರಮಾಣವು ತಪ್ಪಿದರೆ ಅಲ್ಯೂಮಿನಿಯಂ ಕೂಡ ಮಿತಿಯಾದ ಲೀಟರಿಗೆ ೦.೨ ಮಿಲಿಗ್ರಾಮನ್ನು ದಾಟಿ ಉಳಿಯುತ್ತದೆ. ಶೋಧಕವೇ ಹೊಸ ಮಾಲಿನ್ಯವಾಗದಂತೆ ಅಳೆದು ಹಾಕಬೇಕು, ಹಾಕಿದ ಮೇಲೂ ಅಳೆಯಬೇಕು.

ಮೂರನೆಯದು ತಳಕ್ಕಿಳಿದುದರ ಗತಿ. ದೃಷ್ಟಾಂತದಲ್ಲಿ ಮಡಕೆಯ ತಳವನ್ನು ಕುರಿತು ಯಾರೂ ಮುಂದೆ ಕೇಳಲಿಲ್ಲ. ಕೆಸರು ಕೆಸರಿಗೆ ಸೇರಿತು, ಅಷ್ಟೆ. ನಲ್ಗೊಂಡ ವಿಧಾನದ ಗಸಿಯಲ್ಲಿ ನೀರಿನಿಂದ ತೆಗೆದ ಫ್ಲೋರೈಡೆಲ್ಲ ಇದೆ. ಕರ್ನಾಟಕದ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೆಂಬ ಹೆಸರಿನಿಂದ ನಡೆಯುವ ಆರ್. ಓ. ಯಂತ್ರಗಳು ನೀರನ್ನು ಒತ್ತಡದಿಂದ ಸೂಕ್ಷ್ಮವಾದ ಪೊರೆಯ ಮೂಲಕ ದಾಟಿಸಿ ಕರಗಿದ ಲವಣಗಳನ್ನು ಹಿಂದೆ ಉಳಿಸುತ್ತವೆ. ಹಿಂದುಳಿದ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ಸಾಂದ್ರವಾಗಿರುತ್ತದೆ. ಅದನ್ನು ಪಕ್ಕದ ನೆಲಕ್ಕೇ ಬಿಟ್ಟರೆ ವಿಷವು ಬಂದ ದಾರಿಯನ್ನೇ ಹಿಡಿಯುತ್ತದೆ. ಪೊರೆಯು ಹಳೆಯದಾಗಿ ಕೆಟ್ಟಮೇಲೂ ನಲ್ಲಿಯಲ್ಲಿ ತಿಳಿನೀರೇ ಬರುತ್ತದೆ; ಪರೀಕ್ಷೆಯನ್ನು ಮಾಡದೆ ಭೇದವು ತಿಳಿಯದು. ಅಂಥ ಘಟಕದ ಬಾಗಿಲ ಮೇಲೆ ಶುದ್ಧವೆಂಬ ಪದವು ಉಳಿದಿದ್ದರೆ, ಕತಕದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದ ಸ್ಮೃತಿಕಾರನ ಮಾತು ಅಲ್ಲಿಗೆ ಅಕ್ಷರಶಃ ಸಲ್ಲುತ್ತದೆ.

ಶುದ್ಧಿ ಎಂಬ ಪದದ ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಬಹುದು. ಎಲುಬನ್ನು ಸುಟ್ಟು ಮಾಡಿದ ಇದ್ದಲು ಫ್ಲೋರೈಡನ್ನು ಚೆನ್ನಾಗಿ ಹೀರುತ್ತದೆ. ಭಾರತದಲ್ಲಿ ಅದು ಅನೇಕರಿಗೆ ಒಗ್ಗಲಿಲ್ಲ. ಎಲುಬು ಮುಟ್ಟಿದ ನೀರು ಆಚಾರದ ದೃಷ್ಟಿಯಿಂದ ಅಶುದ್ಧ. ರಸಾಯನದ ಶುದ್ಧಿಯೂ ಮಡಿಯ ಶುದ್ಧಿಯೂ ಒಂದೇ ಪದದೊಳಗಿದ್ದು ಒಂದನ್ನೊಂದು ತಳ್ಳುತ್ತವೆ.

೬

ಫ್ಲೋರೈಡು ಕರ್ನಾಟಕಕ್ಕೆ ಹತ್ತಿರದ ಉದಾಹರಣೆ. ಇದೇ ಪ್ರಶ್ನೆಯು ಇನ್ನೂ ಘೋರವಾಗಿ ಎದ್ದುದು ಗಂಗೆಯ ಮುಖಜಭೂಮಿಯಲ್ಲಿ, ನಾಲ್ಕು ದಿಕ್ಕಿಗೂ ನೀರಿರುವ ಬಂಗಾಳದಲ್ಲಿ. ಅಲ್ಲಿ ಕೊಳಗಳ ಕದಡಿದ ನೀರನ್ನು ಕುಡಿದು ಜನರು, ವಿಶೇಷವಾಗಿ ಮಕ್ಕಳು, ಭೇದಿ ಕಾಲರಾಗಳಿಂದ ಸಾಯುತ್ತಿದ್ದರು. ಅದನ್ನು ತಪ್ಪಿಸಲು ೧೯೭೦ರ ದಶಕದಿಂದ ಕೊಳವೆಬಾವಿಗಳನ್ನು ದೊಡ್ಡ ಪ್ರಮಾಣದಲ್ಲಿ ತೋಡಿಸಿದರು. ಕೊಳವೆಯ ನೀರಿನಲ್ಲಿ ರೋಗಾಣುಗಳಿರಲಿಲ್ಲ. ಕಲುಷದಿಂದ ಜನವನ್ನು ಪಾರುಮಾಡಿದ ತೃಪ್ತಿಯು ಯೋಜಕರಿಗೆ ಸಹಜವಾಗಿತ್ತು. ಅನಂತರ ೧೯೮೩ರಲ್ಲಿ ಪಶ್ಚಿಮ ಬಂಗಾಳದಲ್ಲಿಯೂ ೧೯೯೩ರಲ್ಲಿ ಬಾಂಗ್ಲಾದೇಶದಲ್ಲಿಯೂ ಆ ನೀರಿನಲ್ಲಿ ಪಾಷಾಣ, ಎಂದರೆ ಆರ್ಸೆನಿಕ್ ಇರುವುದು ಬೆಳಕಿಗೆ ಬಂದಿತು. ಅಂಗೈ ಅಂಗಾಲುಗಳ ಚರ್ಮವು ಗಂಟುಗಟ್ಟುವುದು, ಮೈಮೇಲೆ ಕಪ್ಪು ಚುಕ್ಕೆಗಳಾಗುವುದು, ಕಾಲಾನಂತರದಲ್ಲಿ ಅರ್ಬುದರೋಗ — ಇವು ಅದರ ಫಲ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೩ರಲ್ಲಿ ತನ್ನ ಮಿತಿಯನ್ನು ಲೀಟರಿಗೆ ೫೦ ಮೈಕ್ರೋಗ್ರಾಮಿನಿಂದ ೧೦ಕ್ಕೆ ಇಳಿಸಿತು.

ಬಾಂಗ್ಲಾದೇಶದಲ್ಲಿ ಮುಂದೆ ನಡೆದ ಒಂದು ಕೆಲಸವು ವಿಮರ್ಶಕನ ಗಮನಕ್ಕೆ ಯೋಗ್ಯವಾಗಿದೆ. ಬಾವಿಗಳ ನೀರನ್ನು ಪರೀಕ್ಷಿಸಿ, ಆ ದೇಶದ ಮಿತಿಯಾದ ೫೦ ಮೈಕ್ರೋಗ್ರಾಮನ್ನು ಮೀರಿದ ಪಂಪುಗಳ ಬಾಯಿಗೆ ಕೆಂಪು ಬಣ್ಣವನ್ನೂ ಉಳಿದುವಕ್ಕೆ ಹಸುರು ಬಣ್ಣವನ್ನೂ ಬಳಿದರು. ನೀರು ತನ್ನ ದೋಷವನ್ನು ತೋರದಿದ್ದುದರಿಂದ ದೋಷಕ್ಕೆ ಹೊರಗಿನಿಂದ ಬಣ್ಣವನ್ನು ಕೊಡಬೇಕಾಯಿತು. ರೂಪದೋಷವಿಲ್ಲದ ವೀರ್ಯದೋಷಕ್ಕೆ ಮನುಷ್ಯರು ರೂಪವನ್ನು ಕಲ್ಪಿಸಿದರು ಎಂದು ಸುಶ್ರುತನ ಭಾಷೆಯಲ್ಲಿ ಹೇಳಬಹುದು. ಇಲ್ಲಿ ಚಿಹ್ನೆಯು ಶುದ್ಧಿಯನ್ನು ಮಾಡುವುದಿಲ್ಲ. ಆದರೆ ಅಳತೆಯ ಬೆನ್ನಿನ ಮೇಲೆ ಬಂದ ಚಿಹ್ನೆಯು ಪ್ರಾಣವನ್ನು ಉಳಿಸುತ್ತದೆ. ಮನುಸ್ಮೃತಿಯು ಅಲ್ಲಗಳೆದುದು ಅಳತೆಯಿಲ್ಲದ ಚಿಹ್ನೆಯನ್ನು.

ಪಾಷಾಣವನ್ನು ತೆಗೆಯುವ ಕ್ರಮದಲ್ಲಿ ದೃಷ್ಟಾಂತವು ಮತ್ತೊಮ್ಮೆ ತಲೆಕೆಳಗಾಗುತ್ತದೆ. ಬಂಗಾಳದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಕಬ್ಬಿಣವೂ ಕರಗಿರುತ್ತದೆ. ಗಾಳಿಗೆ ಬಿಟ್ಟು ಇಟ್ಟರೆ ಅಂಥ ನೀರು ಕೆಂಪಾಗಿ ತುಕ್ಕಿನ ಗಸಿಯು ತಳಕ್ಕಿಳಿಯುತ್ತದೆ. ಗೃಹಿಣಿಯ ಕಣ್ಣಿಗೆ ಇದು ಹೇಸಿಗೆ. ಆದರೆ ಆ ತುಕ್ಕಿನ ಕಣಗಳೇ ಪಾಷಾಣವನ್ನು ತಮ್ಮ ಮೈಗೆ ಅಂಟಿಸಿಕೊಂಡು ಕೆಳಗೊಯ್ಯುವುವು. ಪಾಷಾಣಕ್ಕೆ ನೀರಿನಲ್ಲಿ ಎರಡು ಅವಸ್ಥೆಗಳುಂಟು. ಒಂದು ಅವಸ್ಥೆಯದು ಸುಲಭವಾಗಿ ಅಂಟುವುದಿಲ್ಲ, ಅದನ್ನು ಆಮ್ಲಜನಕದ ಸಂಯೋಗದಿಂದ ಇನ್ನೊಂದಕ್ಕೆ ತಿರುಗಿಸಿದರೆ ಅಂಟುತ್ತದೆ. ಈ ತತ್ತ್ವದ ಮೇಲೆಯೇ ಕಬ್ಬಿಣದ ಚೂರುಗಳನ್ನೂ ಮರಳನ್ನೂ ತುಂಬಿದ ಸೋನೋ ಎಂಬ ಮನೆಯ ಸೋಸುಗವನ್ನು ಅಬುಲ್ ಹುಸ್ಸಾಮ್ ಎಂಬ ರಸಾಯನಶಾಸ್ತ್ರಜ್ಞನು ರೂಪಿಸಿದನು. ಅದಕ್ಕೆ ೨೦೦೭ರಲ್ಲಿ ಅಮೆರಿಕದ ಗ್ರೇಂಜರ್ ಪ್ರಶಸ್ತಿಯು ದೊರೆಯಿತು. ಇಲ್ಲಿ ಕಲುಷವೇ ಶೋಧಕ. ಧೂಳೊಂದು ಮತ್ತೊಂದನ್ನು ಕಳೆಯುವುದೆಂದ ವಾಚಸ್ಪತಿಯ ವಿವರಣೆಯು ಈ ಸ್ಥಳಕ್ಕೆ ಆತ್ಮಬೋಧದ ಶ್ಲೋಕಕ್ಕಿಂತ ಹತ್ತಿರವಾಗಿದೆ.

೭

ಇಷ್ಟನ್ನು ಹೇಳಿದ ಮೇಲೆ ಒಂದು ಆಕ್ಷೇಪವು ಬರಬಹುದು. ಕವಿಯೂ ವೇದಾಂತಿಯೂ ಜಲಶೋಧನೆಯ ಗ್ರಂಥವನ್ನು ಬರೆಯಹೊರಟವರಲ್ಲ. ಅವರ ಹೋಲಿಕೆಯನ್ನು ರಸಾಯನಶಾಲೆಯಲ್ಲಿಟ್ಟು ನೋಡುವುದು ಅರಸಿಕತೆಯಲ್ಲವೆ? ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ವಿವಕ್ಷಿತವಾದ ಅಂಶವನ್ನು ಬಿಟ್ಟು ಸರ್ವಸಾಮ್ಯವನ್ನು ಯಾರೂ ತೋರಿಸಲಾರರು, ಸರ್ವಸಾಮ್ಯವಿದ್ದರೆ ದೃಷ್ಟಾಂತವೆಂಬುದೇ ಉಳಿಯದು ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಹೇಳಿರುವುದೂ ಉಂಟು.

ಆಕ್ಷೇಪವು ನ್ಯಾಯವಾದುದೇ, ಅದರ ಉತ್ತರವೂ ಅದೇ ಭಾಷ್ಯವಾಕ್ಯದಲ್ಲಿದೆ. ವಿವಕ್ಷಿತಾಂಶವನ್ನು ಮೀರಿ ದೃಷ್ಟಾಂತವನ್ನು ಎಳೆಯಬಾರದೆಂಬ ನಿಯಮವು ಎರಡು ಕಡೆಗೂ ಸಲ್ಲಬೇಕು. ಕತಕವನ್ನು ರಸಾಯನದ ಮಾತಿನಿಂದ ಹಳಿಯುವು ದು ಹೇಗೆ ತಪ್ಪೋ, ಕತಕದಿಂದ ಕಲಿತ ತಿಳಿವೇ ಶುದ್ಧಿಯೆಂಬ ಭಾವನೆಯನ್ನು ಕುಡಿಯುವ ನೀರಿಗೆ ಹಚ್ಚುವುದೂ ಹಾಗೆಯೇ ತಪ್ಪು. ಕಾಳಿದಾಸನ ವಿವಕ್ಷೆಯು ಸಂಸರ್ಗದ ಫಲ. ಸ್ಮೃತಿಕಾರನದು ಕ್ರಿಯೆಯ ಪ್ರಾಧಾನ್ಯ. ವೇದಾಂತಿಯದು ಸಾಧನವು ಸಾಧ್ಯದಲ್ಲಿ ಲಯವಾಗುವುದು. ತಿಳಿಯಾದ ನೀರೆಲ್ಲ ಕುಡಿಯಲು ಯೋಗ್ಯವೆಂದು ಇವರಲ್ಲಿ ಯಾರೂ ಹೇಳಿಲ್ಲ. ಹೇಳಿದಂತೆ ಓದಿಕೊಂಡುದು ಬಳಕೆಯ ಸದರದಿಂದ. ಭಾಷೆಯೇ ತಿಳಿ ಎಂಬ ಧಾತುವಿನಲ್ಲಿ ಅರಿವನ್ನೂ ನಿರ್ಮಲತೆಯನ್ನೂ ಒಂದುಗೂಡಿಸಿಟ್ಟಿದ್ದುದರಿಂದ ಕನ್ನಡದಲ್ಲಿ ಆ ಸದರವು ಇನ್ನೂ ಸುಲಭವಾಯಿತು.

ಆದುದರಿಂದ ಈ ಶ್ಲೋಕಗಳನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕನ ಹೊಣೆಯು ಎರಡು ಬಗೆಯದು. ಪ್ರಾಚೀನರ ಅವಲೋಕನವು ಎಷ್ಟು ಸೂಕ್ಷ್ಮವಾದುದೆಂಬುದನ್ನು ಅವನು ತೋರಿಸಬೇಕು. ಸಾಧ್ಯವಾದರೆ ಒಂದು ಚಿಲ್ಲದ ಬೀಜವನ್ನು ತರಿಸಿ ಮಡಕೆಗೆ ತೇಯ್ದೇ ತೋರಿಸಬೇಕು. ಇಳಿದುದು ಕೆಸರು ಮಾತ್ರವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಕೋಲಾರದ ಅಥವಾ ಪಾವಗಡದ ಕಡೆಯ ಶಾಲೆಯಲ್ಲಿ ಈ ಎರಡನೆಯ ಮಾತು ಕಾವ್ಯಪಾಠಕ್ಕೆ ಹೊರಗಿನದಾಗುವುದಿಲ್ಲ. ಕಲೆಗಟ್ಟಿದ ಹಲ್ಲಿನ ಮಕ್ಕಳು ಅಲ್ಲಿ ಎದುರಿಗೇ ಕುಳಿತಿರುತ್ತಾರೆ.

ಬರೆಯುವವರಿಗೂ ಇದರಿಂದ ಒಂದು ಸೂಚನೆಯುಂಟು. ನೀರನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ತಿಳಿ, ಶುದ್ಧ, ನಿರ್ವಿಷ ಎಂಬ ಮೂರು ಪದಗಳನ್ನು ಬೇರೆಬೇರೆಯಾಗಿ ಇಡುವುದು ಒಳ್ಳೆಯದು. ತಿಳಿಯೆಂಬುದಕ್ಕೆ ಕಣ್ಣು ಪ್ರಮಾಣ. ಶುದ್ಧವೆಂಬುದಕ್ಕೆ ಆಚಾರವೋ ವಾಡಿಕೆಯೋ ಪ್ರಮಾಣ. ನಿರ್ವಿಷವೆಂಬುದಕ್ಕೆ ಅಳತೆಯೊಂದೇ ಪ್ರಮಾಣ. ಮೊದಲನೆಯದಕ್ಕೆ ಸಲ್ಲುವ ಕತಕವು ಮೂರನೆಯದಕ್ಕೆ ಸಲ್ಲುವುದಿಲ್ಲ. ಈ ಭೇದವನ್ನು ಉಳಿಸಿಕೊಂಡರೆ ಕಾಳಿದಾಸನ ಉಪಮೆಯ ಸೊಗಸೂ ಆತ್ಮಬೋಧದ ಗಾಂಭೀರ್ಯವೂ ಎಳ್ಳಷ್ಟೂ ಕುಂದುವುದಿಲ್ಲ. ಸುಶ್ರುತನು ಆರು ದೋಷಗಳನ್ನು ಎಣಿಸಿ ಕೊನೆಯೆರಡನ್ನು ಕಣ್ಣಿನ ಆಚೆಗೆ ಇಟ್ಟುದರ ಅರ್ಥವೂ ಸಾರ್ಥಕವಾಗುತ್ತದೆ.